ಆಫೀಸಿನ ಮುಯ್ಯಾಳು

ಜಡೆಯ ಮೂರು ಎಳೆಗಳನ್ನೂ ಎಡಗೈ ಬೆರಳುಗಳ ಸಂದಿಯಲ್ಲಿ ಬಿಗಿಹಿಡಿದು ಚಲುವರಾಜು ಬಲಗೈಯಿಂದ ಸತ್ತ ಹಸುವಿನ ಕಿವಿಯನ್ನು ದೊಡ್ಡದು ಮಾಡಿದ. ಫೋನು ಸಕ್ಕರೆ ಡಬ್ಬಿಗೆ ಒರಗಿ ನಿಂತಿತ್ತು. ಕಿವಿಗೆ ಚುಚ್ಚಿದ್ದ ನಂಬರಿನ ಹಳದಿ ಓಲೆಯ ಮೇಲೆ ಸಗಣಿ ಮೆತ್ತಿ, ಕೊನೆಯ ಅಂಕಿ ಮೂರೋ ಎಂಟೋ ತಿಳಿಯುತ್ತಿರಲಿಲ್ಲ.

“ಅಪ್ಪಾ, ಎಳೀಬ್ಯಾಡ,” ಎಂದಳು ಚಂದನ.

“ನಾನೆಲ್ಲಿ ಎಳದೆ? ಹಸ ಎಳೀತಾ ಅದೆ.”

“ಅದು ಸತ್ತೋಗದೆ ಅಂದೆ?”

“ಸತ್ತ ಮ್ಯಾಲೇ ನಂಗೆ ಕೆಲ್ಸ ಕೊಡಾದು ಕಣವ್ವ. ನೆಟ್ಟಗೆ ಕೂತ್ಕೊ.”

ಅವಳು ನೆಟ್ಟಗೆ ಕೂರುವ ಬದಲು ಫೋನಿನ ಕಡೆ ಬಗ್ಗಿದಳು. ಒಂದು ಎಳೆ ಕೈಯಿಂದ ಜಾರಿತು. “ಎಂಟು,” ಎಂದಳು.

“ಎಂಗೇಳ್ತೀಯ?”

“ಮೂರಾದ್ರೆ ಬಾಯಿ ಬುಟ್ಕಂಡಿರ್ತದೆ. ಇದು ಮುಚ್ಕಂಡದೆ. ನೀನೂ ಮುಚ್ಕಂಡು ಜಡೆ ಹಾಕು.”

ಹೊರಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. ಚಲುವರಾಜು ಎಂಟು ಎಂದು ಒತ್ತಿ, ಕಡತ ಮುಗಿಸಿ, ಕೆಂಪು ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡು, ಮಗಳ ಚೀಲವನ್ನು ಒಂದು ಹೆಗಲಿಗೂ ಅರ್ಧ ಜಡೆಯನ್ನು ಒಂದು ಕೈಗೂ ತೆಗೆದುಕೊಂಡು ಬೀದಿಗೆ ಓಡಿದ. ವ್ಯಾನಿನ ಬಾಗಿಲಲ್ಲಿ ಕೊನೆಯ ಗಂಟು ಬಿತ್ತು. ಡ್ರೈವರು ಕನ್ನಡಿಯಲ್ಲಿ ನೋಡಿ, “ಒಂದು ಜಡೆ ಮೈಸೂರಿಗೆ ಒಂಟದೆ, ಇನ್ನೊಂದು ಬೆಂಗ್ಳೂರಿಗೆ,” ಎಂದ. ಮಕ್ಕಳೆಲ್ಲ ನಕ್ಕರು. ಚಂದನಳೂ ನಕ್ಕಳು. ಅವಳು ನಕ್ಕಳೆಂಬುದೇ ಚಲುವರಾಜುವಿಗೆ ಆ ದಿನದ ಮೊದಲ ಸಂಬಳ.

ಜೂನ್ ತಿಂಗಳಿನಿಂದ ಅವನ ಬೆಳಗು ಹೀಗೆ. ಅದಕ್ಕೂ ಮೊದಲು ಮಗಳ ತಲೆಗೆ ಕೈಹಾಕುವ ಭಾಗ್ಯ ಭಾನುವಾರ ಮಾತ್ರ. ಅವನಿಗೆ ಕೆಲಸ ಮಂಡ್ಯದಲ್ಲಿ, ರಾಸುಗಳಿಗೆ ವಿಮೆ ಮಾಡುವ ಖಾಸಗಿ ಕಂಪನಿಯ ಆಫೀಸಿನಲ್ಲಿ. ಹಸು ಸತ್ತಾಗ ರೈತರು ಹಾಕುವ ಕ್ಲೇಮುಗಳಲ್ಲಿ ಫೋಟೊ, ಡಾಕ್ಟರ ಚೀಟಿ, ಓಲೆಯ ನಂಬರು ಎಲ್ಲ ತಾಳೆಯಾಗುತ್ತವೆಯೇ ಎಂದು ನೋಡಿ ಮುಗಿಸುವುದು. ಹೆಂಡತಿ ಕುಸುಮ ಮಳವಳ್ಳಿಯ ನರ್ಸಿಂಗ್ ಹೋಮಿನಲ್ಲಿ ನರ್ಸು. ಇಬ್ಬರಿಗೂ ನಡುವೆ ಇರಲಿ ಎಂದು ಮದ್ದೂರಿನಲ್ಲಿ ಮನೆ ಮಾಡಿದ್ದರು. ಮನೆಯೇನೋ ನಡುವೆ ಇತ್ತು, ಅದರಲ್ಲಿ ಹಗಲು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಚಂದನ ಅವನ ಊರಾದ ಕೊಪ್ಪದಲ್ಲಿ ಅಜ್ಜಿ ಯಶೋದಮ್ಮನ ಮಡಿಲಿಗೆ ಬಿದ್ದಿದ್ದಳು, ಅಲ್ಲಿಯೇ ಶಾಲೆಗೂ ಹೋಗುತ್ತಿದ್ದಳು. ನೀನೇ ಮದ್ದೂರಿಗೆ ಬಾ ಅಂದರೆ ಯಶೋದಮ್ಮ, “ಅಸ ಬುಟ್ಟು ಬಂದು ನಿಮ್ಮ ಫ್ರಿಜ್ಜು ಕಾಯ್ಲಾ?” ಎನ್ನುತ್ತಿದ್ದಳು.

ಹೋದ ಬೇಸಿಗೆಯ ಒಂದು ಭಾನುವಾರ ಮದ್ದೂರಿಗೆ ಬಂದಿದ್ದ ಚಂದನ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಒಂದು ಬಿಸ್ಕತ್ತು ತಗಳ್ಲಾ?” ಎಂದು ಕೇಳಿದ್ದಳು. ನೆಂಟರ ಮನೆಯಲ್ಲಿ ಕೇಳುವ ಹಾಗೆ, ಕೈ ಹಿಂದಕ್ಕೆ ಕಟ್ಟಿಕೊಂಡು. ಆ ದಿನ ಮಧ್ಯಾಹ್ನ ಕುಸುಮ ಬಿಸ್ಕತ್ತು ಡಬ್ಬಿಯನ್ನು ಮಗಳ ಕೈಗೆಟಕುವ ಕೆಳಗಿನ ಹಲಗೆಗೆ ಇಳಿಸಿ ಇಟ್ಟಳು.

ಅಷ್ಟರಲ್ಲಿ ಮ್ಯಾನೇಜರ್ ರಾಘವೇಂದ್ರ ಬೆಂಗಳೂರಿನ ಹೆಡ್ ಆಫೀಸಿನ ತರಬೇತಿಯಿಂದ ಹೊಸ ಹುರುಪು ಹೊತ್ತು ಬಂದರು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಶಾಖೆಯವರನ್ನು ಕೂರಿಸಿಕೊಂಡು ಹೇಳಿದರು: “ಚಿಕ್ಕ ಮಕ್ಕಳಿರೋ ತಂದೆ ತಾಯಿಗೆ ಇನ್ಮೇಲೆ ಗಂಟೆ ಲೆಕ್ಕ ಇಲ್ಲ ಕಣ್ರೀ. ಎಲ್ಲಾದ್ರೂ ಕೂತು ಮಾಡಿ, ಯಾವಾಗಾದ್ರೂ ಮಾಡಿ. ತಿಂಗಳ ಕೊನೆಗೆ ಎಷ್ಟು ಕ್ಲೇಮು ಮುಗಿಸಿದ್ರಿ ಅನ್ನೋದಷ್ಟೇ ಪ್ರಶ್ನೆ. ಮೂರು ತಿಂಗಳು ಪ್ರಯೋಗ. ತಿಂಗಳಿಗೆ ಇಷ್ಟು ಕ್ಲೇಮು ಅಂತ ಒಂದು ಗೆರೆ ಹಾಕಿದ್ದಾರೆ, ತೀರ್ಮಾನ ಮೂರನೇ ತಿಂಗಳ ಲೆಕ್ಕ ನೋಡಿ. ಗೆರೆ ಮೇಲಿದ್ರೆ ಮುಂದುವರೀತದೆ, ಕೆಳಗೆ ಬಿದ್ರೆ ಮತ್ತೆ ಒಂಬತ್ತೂವರೆಗೆ ಬಂದು ಹೆಬ್ಬೆಟ್ಟು ಒತ್ತೋದೇ.”

“ಕಬ್ಬು ಕಡಿಯೋರ್ಗೆ ಟನ್ನಿನ ಲೆಕ್ಕ, ನಮ್ಗೆ ಅಸದ ಲೆಕ್ಕ ಅನ್ನಿ ಸಾರ್,” ಎಂದಳು ಮಳವಳ್ಳಿ ಶಾಖೆಯ ವೀಣ. ಆ ಶಾಖೆ ಎಂದರೆ ಒಂದು ಮೇಜು, ಒಂದು ಫ್ಯಾನು ಮತ್ತು ವೀಣ. ಅವಳಿಗೆ ಮೂರು ವರ್ಷದ ಅವಳಿ ಗಂಡುಮಕ್ಕಳು. ಒಬ್ಬ ಮಲಗಿದರೆ ಇನ್ನೊಬ್ಬ ಏಳುತ್ತಾನೆ, ಇಬ್ಬರೂ ಮಲಗಿದ್ದನ್ನು ನಾನು ಫೋಟೊದಲ್ಲಿ ಮಾತ್ರ ನೋಡಿದ್ದೀನಿ ಎಂದು ಹೇಳಿಕೊಂಡು ನಗುತ್ತಿದ್ದಳು.

ಪ್ರಯೋಗಕ್ಕೆ ಸೇರಿದವರು ಇಬ್ಬರೇ, ಅವಳು ಮತ್ತು ಚಲುವರಾಜು. ಗೆರೆಗಿರೆ ಎಂದರೆ ಉಳಿದವರಿಗೆ ಭಯ. ಅದೇ ವಾರ ಚಂದನ ಒಂದು ಟ್ರಂಕು, ಒಂದು ಕುಂಟ ಗೊಂಬೆ ಮತ್ತು ಅಜ್ಜಿಯ ಮೂರು ಬೈಗುಳ ಸಮೇತ ಮದ್ದೂರಿಗೆ ಬಂದಿಳಿದು ಎರಡನೇ ಕ್ಲಾಸಿಗೆ ಸೇರಿದಳು. ಪ್ರಯೋಗ ಗೆದ್ದರೆ ಅವಳು ಇಲ್ಲಿ, ಸೋತರೆ ಟ್ರಂಕು ಮತ್ತೆ ಕೊಪ್ಪಕ್ಕೆ.

ಬಂದ ಕೆಲವೇ ದಿನಕ್ಕೆ ಚಂದನಳಿಗೆ ಜ್ವರ ಬಂತು. ಕುಸುಮಳಿಗೆ ಆ ವಾರ ರಜೆ ಇಲ್ಲ. ಚಲುವರಾಜು ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತ, ಕಡತಗಳು ರಾಶಿ ಬಿದ್ದವು. ವೀಣ ಫೋನು ಮಾಡಿದಳು.

“ಅಣ್ಣ, ನಿಮ್ಮ ಪಟ್ಟೀಲಿರೋವು ನನ್ನ ಕಡೆ ತಳ್ಳಿ. ಕಂಪ್ಯೂಟ್ರಲ್ಲಿ ಅದ್ಕೇ ಒಂದು ಬಟನ್ ಮಡಗವ್ರೆ, ಯಾರೂ ಮುಟ್ಟೇ ಇಲ್ಲ.”

“ನಿಮ್ಗ್ಯಾಕಮ್ಮ ತೊಂದ್ರೆ.”

“ನಾಳೆ ನನ್ನ ಮಕ್ಳಿಗೆ ಬಂದಾಗ ನೀವು ಮಾಡೀರಂತೆ. ತಳ್ಳಿ ಸುಮ್ಕೆ.”

ತಳ್ಳಿದ. ಜ್ವರ ಇಳಿಯಿತು, ಆದರೆ ಋಣ ಇಳಿಯಲಿಲ್ಲ. ಯಾರ ಹಂಗಿನಲ್ಲೂ ಇರಬಾರದು ಎಂಬುದು ಅವನ ಮನೆತನಕ್ಕೆ ರಕ್ತದಲ್ಲೇ ಬಂದ ಕಾಯಿಲೆ. ತಾಯಿಗೆ ಫೋನಿನಲ್ಲಿ ಹೇಳಿಕೊಂಡ. ಯಶೋದಮ್ಮ ಹಾಲು ಕರೆಯುತ್ತಲೇ ಉತ್ತರ ಕೊಟ್ಟಳು. ಹಾಲಿನ ಸೊರಸೊರ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

“ಅದ್ಕೇನ್ಲಾ ಅಳ್ತೀಯ. ಮುಯ್ಯಾಳು ಅಂದ್ಕೊ. ನಾಟಿ ಕಾಲ್ದಲ್ಲಿ ನಾವು ಇನ್ನೊಬ್ರ ಗದ್ದೇಲಿ ನೆಟ್ಟು ಬರ್ತಿರ್ಲಿಲ್ವಾ, ಅವ್ರು ಬಂದು ನಮ್ಮದ್ರಲ್ಲಿ ನೆಡ್ತಿರ್ಲಿಲ್ವಾ? ಮುಯ್ಯಿಗೆ ಮುಯ್ಯಿ. ಅವ್ಳ ಕೆಲ್ಸ ಮಾಡ್ಕೊಡು. ತೀರ್ಸೋವಾಗ ಒಂದ್ ಸಾಲು ಎಚ್ಚಿಗೆ ನೆಡು, ಅದು ಮರ್ಯಾದೆ. ಆಮ್ಯಾಕೆ ಮುಯ್ಯಾಳಿಗೆ ಊಟ ಕೊಡ್ದೇ ಇರ್ಬ್ಯಾಡ, ಮಾನ ಓಯ್ತದೆ.”

ಚಲುವರಾಜುವಿಗೆ ದಾರಿ ಕಂಡಿತು. ವೀಣಳ ಮಕ್ಕಳಿಗೆ ನೆಗಡಿಯಾದ ದಿನ ಅವಳ ಕಡತಗಳನ್ನು ಎಳೆದುಕೊಂಡು ಮುಗಿಸಿದ, ಮೇಲೆ ಒಂದಿಷ್ಟು ಹೆಚ್ಚಿಗೆಯೇ ಮುಗಿಸಿದ. ಊಟದ ವಿಷಯಕ್ಕೆ ಮಳವಳ್ಳಿ ಬಸ್ಸು ಇತ್ತು. ಇವನ ಪರವಾಗಿ ಅವಳು ದುಡಿದ ದಿನವೆಲ್ಲ ಮದ್ದೂರಿನಿಂದ ಟಿಫನ್ ಕ್ಯಾರಿಯರು ಹೊರಡುತ್ತಿತ್ತು, ಅವಳಿಗಾಗಿ ಇವನು ದುಡಿದ ದಿನ ಅದೇ ಕ್ಯಾರಿಯರು ತುಂಬಿಕೊಂಡು ವಾಪಸು ಬರುತ್ತಿತ್ತು. ಕಂಡಕ್ಟರ್ ಸ್ವಾಮಿ ಮೊದಲ ದಿನ ಅದನ್ನು ಎತ್ತಿ ನೋಡಿದ.

“ಏನ್ ಸಾ ಇದು?”

“ಆಫೀಸಿಂದು ಕಣಪ್ಪ. ಅರ್ಜೆಂಟ್ ಫೈಲು.”

“ಫೈಲು ಒಗ್ಗರಣೆ ವಾಸ್ನೆ ಹೊಡೀತದಲ್ಲ ಸಾ.”

“ಬಿಸಿ ಬಿಸಿ ಫೈಲು. ಅಲ್ಲಾಡ್ಸದೆ ತಲುಪ್ಸು.”

ಒಂದು ಸಲ ಅವನು ಉಪ್ಸಾರಿನ ಜೊತೆ ಮುದ್ದೆಯನ್ನೂ ಕಳಿಸಿದ. ಸಂಜೆ ವೀಣಳ ಸಂದೇಶ ಬಂತು: ‘ಅಣ್ಣ, ಉಪ್ಸಾರು ಚೆನ್ನಾಗಿತ್ತು. ಮುದ್ದೆಯಲ್ಲಿ ನನ್ನ ಮಕ್ಕಳು ಕ್ರಿಕೆಟ್ ಆಡುತ್ತಿದ್ದಾರೆ.’

ಹೀಗೆ ಜುಲೈ ಕಳೆಯಿತು. ಚಂದನ ಬಿಸ್ಕತ್ತು ಡಬ್ಬಿಯನ್ನು ಕೇಳದೆಯೇ ತೆಗೆಯತೊಡಗಿದಳು. ಕುಸುಮ ಅದಕ್ಕೆ ಬೈದಳು, ಬೈಯುತ್ತ ನಕ್ಕಳು. ಸಂಜೆ ನಾಲ್ಕಕ್ಕೆ ವ್ಯಾನು ಬಂದಾಗ ಬಾಗಿಲಲ್ಲಿ ಅಪ್ಪ ಇರುತ್ತಿದ್ದ. ಹೋಮ್‌ವರ್ಕಿನ ಪಕ್ಕದಲ್ಲಿ ಸತ್ತ ಎಮ್ಮೆಗಳ ಫೋಟೊ ಇರುತ್ತಿದ್ದವು. ಶಾಲೆಯಲ್ಲಿ ‘ನನ್ನ ತಂದೆ’ ಎಂದು ನಾಲ್ಕು ಸಾಲು ಬರೆಯಲು ಹೇಳಿದಾಗ ಅವಳು, ‘ನನ್ನ ತಂದೆ ದಿನಾ ಹಸುಗಳು ಸತ್ತಿವೆಯಾ ಎಂದು ನೋಡುತ್ತಾರೆ. ಆಮೇಲೆ ಅಡುಗೆ ಮಾಡುತ್ತಾರೆ’ ಎಂದು ಬರೆದಳು. ಟೀಚರು ಕುಸುಮಳಿಗೆ ಫೋನು ಮಾಡಿ, ನಿಮ್ಮ ಯಜಮಾನರಿಗೆ ಮಟನ್ ಅಂಗಡಿಯಾ ಎಂದು ವಿಚಾರಿಸಿದರಂತೆ.

ಆಗಸ್ಟ್ ನಡುವಿನಲ್ಲಿ ರಾಘವೇಂದ್ರರ ಫೋನು ಬಂತು.

“ಚಲುವರಾಜು, ನೀವು ಮೂರು ಶಾಖೆಗೂ ಮೇಲಿದ್ದೀರಿ ಕಣ್ರೀ. ಹೆಡ್ ಆಫೀಸಿನೋರು ನಿಮ್ಮ ಹೆಸ್ರು ಕೇಳ್ತಾ ಇದಾರೆ. ಆದ್ರೆ ಆ ಮಳವಳ್ಳಿ ಹುಡುಗಿದೇ ಯೋಚನೆ.”

“ಯಾಕ್ ಸಾರ್, ಚೆನ್ನಾಗೇ ಮಾಡ್ತಾರಲ್ಲ.”

“ಏನು ಮಾಡ್ತಾಳೋ, ಗೆರೆ ಕೆಳಗಿದಾಳೆ. ಪ್ರಯೋಗಕ್ಕೆ ಇರೋದೇ ಇಬ್ರು. ತಿಂಗಳ ಕೊನೆಗೆ ಒಬ್ರು ಬಿದ್ರೂ ಪ್ರಯೋಗನೇ ಬಿತ್ತು ಅಂತ ಬರೀತಾರೆ. ಇಬ್ರೂ ಹಳೇ ಟೈಮಿಗೇ.”

ಫೋನು ಇಟ್ಟ ಮೇಲೆ ಚಲುವರಾಜು ಕಂಪ್ಯೂಟರಿನಲ್ಲಿ ಇಬ್ಬರ ಪಟ್ಟಿಯನ್ನೂ ತೆಗೆದು ನೋಡಿದ. ಕಡತವನ್ನು ಯಾರು ಮುಗಿಸುತ್ತಾರೋ ಲೆಕ್ಕ ಅವರ ಹೆಸರಿಗೆ. ವೀಣ ಕೇಳಿದ್ದಕ್ಕಿಂತ ಹೆಚ್ಚಿಗೆ ಇವನು ಎಳೆದುಕೊಂಡಿದ್ದ. ಅವಳು ತಿರುಗಿ ಮುಯ್ಯಿ ತೀರಿಸಲು ಬಂದಾಗಲೆಲ್ಲ, ಇರ್ಲಿ ಬುಡಿ, ಮಕ್ಳು ನೋಡ್ಕಳಿ ಎಂದಿದ್ದ. ಅವಳ ಗದ್ದೆಯಲ್ಲಿ ಇವನೇ ನೆಟ್ಟು, ಪೈರೆಲ್ಲ ತನ್ನ ಗದ್ದೆಯಲ್ಲಿ ಎದ್ದಿತ್ತು.

ವೀಣಳಿಗೆ ಫೋನು ಮಾಡಿದ. ಅವಳಿಗೂ ಸುದ್ದಿ ಮುಟ್ಟಿತ್ತು. ಫೋನಿನ ಆ ಕಡೆ ಅವಳ ಇಬ್ಬರು ಮಕ್ಕಳೂ ಒಂದೇ ಬಕೆಟ್ಟಿಗಾಗಿ ಕಿತ್ತಾಡುತ್ತಿದ್ದರು.

“ನಿಮ್ಮ ಒಳ್ಳೇತನದಿಂದ ನಾನು ಮುಳುಗ್ದೆ ಅಣ್ಣ,” ಎಂದಳು. ಸಿಟ್ಟಿತ್ತು, ನಗುವೂ ಇತ್ತು. “ಬ್ಯಾಡ ಬ್ಯಾಡ ಅಂದ್ರೂ ಎಳ್ಕಂಡ್ರಿ. ನಾನೂ ಸುಸ್ತಾಗಿದ್ನಾ, ಆಯ್ತು ಬುಡು ಅಂತ ಬುಟ್ಟೆ.”

“ಈಗೇನ್ ಮಾಡಾನ?”

“ನೀವು ಏನೂ ಮಾಡ್ಬ್ಯಾಡಿ. ದಯವಿಟ್ಟು. ನಿಮ್ಮವೆಲ್ಲ ನನ್ನ ಕಡೆ ತಳ್ಳಿ, ನೀವು ಸುಮ್ನಿರಿ.”

ತಾಯಿಗೂ ಹೇಳಿದ. “ನೀನೇ ತಾನೆ ಎಚ್ಚಿಗೆ ಮಾಡು ಅಂದಿದ್ದು,” ಎಂದು ತಪ್ಪನ್ನು ಅತ್ತ ದೂಡಲು ನೋಡಿದ.

“ಒಂದ್ ಸಾಲು ಅಂದೆ ಕಣ್ಲಾ. ಊರ್ ಗದ್ದೆನೆಲ್ಲಾ ನೆಡು ಅಂದ್ನಾ?” ಎಂದಳು ಯಶೋದಮ್ಮ. “ನಿಮ್ಮಪ್ಪನೂ ಇಂಗೇಯ. ಕೊಡಾಕೆ ಮುಂದು, ಈಸ್ಕಳಾಕೆ ನಾಚ್ಕೆ. ಅದು ಮುಯ್ಯಿ ಅಲ್ಲ, ಜಂಬ.”

ಹೀಗೆ ಚಲುವರಾಜು ಜೀವಮಾನದ ಅತ್ಯಂತ ಕಷ್ಟದ ಕೆಲಸಕ್ಕೆ ಕೂತ. ಸುಮ್ಮನಿರುವುದು. ಬೆಳಗ್ಗೆ ಬಂದ ಕಡತಗಳನ್ನು ಒಂದೊಂದಾಗಿ ಮಳವಳ್ಳಿಗೆ ತಳ್ಳುತ್ತಿದ್ದ. ಆಮೇಲೆ ಬೆರಳು ತುರಿಸುತ್ತಿದ್ದವು. ಮಿಕ್ಸಿ ಬಿಚ್ಚಿ ತೊಳೆದ. ಕಿಟಕಿ ಸರಳು ಒರೆಸಿದ. ಕುಸುಮ ಡ್ಯೂಟಿ ಮುಗಿಸಿ ಬಂದು ನೋಡಿದರೆ ಅವಳ ಮಸಾಲೆ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ನಿಂತಿದ್ದವು.

“ಧನಿಯಾ ಎಲ್ರೀ?”

“ಎತ್ತರದೋಳು. ಕೊನೇಲಿ ಅವ್ಳೆ.”

“ನೀವು ಕೆಲ್ಸ ಮಾಡೋದೇ ವಾಸಿ ಕಣ್ರೀ. ಇದು ನನ್ ಕೈಲಿ ತಡ್ಕೊಳ್ಳಾಕಾಗಲ್ಲ,” ಎಂದು ಕುಸುಮ ಡಬ್ಬಿಗಳನ್ನು ಮತ್ತೆ ಹಳೆಯ ಗೊಂದಲಕ್ಕೆ ಸೇರಿಸಿದಳು. ಆಮೇಲೆ ಅವನ ಪಕ್ಕ ಕೂತು ಮೆಲ್ಲಗೆ ಕೇಳಿದಳು. “ಬೀಳಲ್ಲ ಅಲ್ವಾ?”

“ಬೀಳಲ್ಲ,” ಎಂದ. ಖಾತ್ರಿ ಏನಿರಲಿಲ್ಲ.

ತೊಂದರೆ ಏನೆಂದರೆ, ಇವನು ತಳ್ಳುತ್ತ ತಳ್ಳುತ್ತ ತನ್ನ ಆ ತಿಂಗಳ ಲೆಕ್ಕವನ್ನೂ ಗೆರೆಯ ಕೆಳಗೇ ನಿಲ್ಲಿಸಿಕೊಂಡಿದ್ದ. ಅದು ಸಾಲದೆಂಬಂತೆ ತಿಂಗಳ ಕೊನೆಯ ವಾರ ಮೂರು ತಾಲ್ಲೂಕಿನಲ್ಲೂ ಹಸುಗಳು ಸಾಯುವುದನ್ನೇ ನಿಲ್ಲಿಸಿದವು. ಮೇವು ಚೆನ್ನಾಗಿತ್ತು, ಕಾಯಿಲೆ ಇರಲಿಲ್ಲ. ಹಸು ಸಾಯಲಿ ಎಂದು ಬಯಸಲು ಮನಸ್ಸು ಬರುವುದಿಲ್ಲ. ಚಲುವರಾಜು ಬೆಳಗಾಗೆದ್ದು ಖಾಲಿ ಪಟ್ಟಿ ನೋಡಿ ಸಂತೋಷಪಡಬೇಕೋ ಬೇಡವೋ ತಿಳಿಯದೆ ಕಾಫಿ ಕುಡಿಯುತ್ತಿದ್ದ.

ಕೊನೆಯ ದಿನ ಬಂತು. ವೀಣ ಬೆಳಗ್ಗೆಯೇ ಗೆರೆ ದಾಟಿದಳು. ಇವನಿಗೆ ಒಂದು ಕಡಿಮೆ. ಉಳಿದದ್ದೂ ಒಂದೇ ಕಡತ, ನಿಡಘಟ್ಟದ ಬೋರಯ್ಯ ಎಂಬ ರೈತನದು, ಯಾರ ಕೈಗೂ ಬಗ್ಗದೆ ತಿಂಗಳಿನಿಂದ ಕೂತದ್ದು. ಫೋಟೊದಲ್ಲಿ ಹಸು ಇತ್ತು, ಕಿವಿ ಇತ್ತು, ಕಿವಿಯಲ್ಲಿ ಓಲೆ ಇರಲಿಲ್ಲ. ಓಲೆ ಇಲ್ಲದೆ ಕ್ಲೇಮು ಇಲ್ಲ. ಶನಿವಾರವಾದ್ದರಿಂದ ಚಂದನಳಿಗೆ ಅರ್ಧ ದಿನ ಶಾಲೆ. ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವನು ನಿಡಘಟ್ಟಕ್ಕೆ ಹೊರಟ.

ಬೋರಯ್ಯ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ವಿಮೆಯವನು ಎಂದು ತಿಳಿದು ಮುಖ ಗಂಟಿಕ್ಕಿದ.

“ಓಲೆ ಎಲ್ಲಿ ಯಜಮಾನ್ರೆ?”

“ಅವ್ಳ ಜೊತೇಲೇ ಓಯ್ತು ಅನ್ಕಳಿ.”

“ಅಂಗಂದ್ರೆ ನಿಮ್ಮ ಕ್ಲೇಮೂ ಅವ್ಳ ಜೊತೇಲೇ ಓಯ್ತದೆ.”

“ಓಗ್ಲಿ ಬುಡಿ.”

ಚಲುವರಾಜು ಜಗಲಿಯ ತುದಿಯಲ್ಲಿ ಕೂತು ಫೋನಿನಲ್ಲಿ ಆ ಕಿವಿಯನ್ನು ಮತ್ತೆ ದೊಡ್ಡದು ಮಾಡಿದ. ಚಂದನ ಬಾಗಿಲಿನಿಂದ ಒಳಗೆ ಇಣುಕುತ್ತಿದ್ದಳು.

“ತಾತ, ನಿಮ್ಮ ಲಕ್ಷ್ಮಿ ಫೋಟೊಗೆ ಯಾಕೆ ಅಸದ ಓಲೆ ಹಾಕಿದ್ದೀರ?”

ಬೋರಯ್ಯನ ಕೈಯಲ್ಲಿ ಹಗ್ಗ ನಿಂತಿತು. ದೇವರ ಫೋಟೊದ ಮೊಳೆಯಲ್ಲಿ, ಒಣಗಿದ ಹೂವಿನ ಸರದ ಜೊತೆ, ಅರಿಶಿನ ಕುಂಕುಮ ಹಚ್ಚಿದ ಹಳದಿ ಓಲೆ ತೂಗುತ್ತಿತ್ತು.

“ಡಾಕ್ಟ್ರು ಬರೋಕ್ ಮುಂಚೇನೆ ಕಳಚ್ಬುಟ್ಟೆ ಸೋಮಿ,” ಎಂದ ಬೋರಯ್ಯ ನೆಲ ನೋಡುತ್ತ. “ಮನೆ ಎಣ್ಮಗ್ಳು ಓದಾಗ ಮೂಗ್ಬೊಟ್ಟು ಓಲೆ ಬುಚ್ಕಳಲ್ವಾ, ಅಂಗೇಯ. ಪೋಟೋಕ್ಕೆ ಅದೇ ಬೇಕು ಅಂತ ನಂಗೇನ್ ಗೊತ್ತು. ಆಮ್ಯಾಕೆ ಕೇಳುದ್ರೆ ಎಲ್ಲಿ ಕಿತ್ಕಂಡೋಗ್ತರೋ ಅಂತ ಸುಮ್ಕಿದ್ದೆ.”

“ನಾವು ಕಿತ್ಕಳಲ್ಲ. ಅಲ್ಲೇ ಇರ್ಲಿ. ಒಂದ್ ಫೋಟೊ ತಗತೀನಿ, ಹಿಂಗೆ ಆಯ್ತು ಅಂತ ಒಂದ್ ಹೇಳಿಕೆ ಕೊಡಿ, ಸಾಕು.”

ಓಲೆಯ ನಂಬರು ತಾಳೆಯಾಯಿತು, ಡಾಕ್ಟರ ಚೀಟಿಯಲ್ಲಿದ್ದ ಮಚ್ಚೆಗಳೂ ತಾಳೆಯಾದವು. ಅಲ್ಲಿಯೇ ಜಗಲಿಯ ಮೇಲೆ ಕೂತು, ಲಕ್ಷ್ಮಿಯ ಅರ್ಧ ಮುಖವೂ ಬಿದ್ದಿದ್ದ ಆ ಫೋಟೊವನ್ನು ಸೇರಿಸಿ, ಚಲುವರಾಜು ಕಡತ ಮುಗಿಸಿದ. ಬೋರಯ್ಯನ ಹೆಂಡತಿ ಚಂದನಳ ಕೈಗೆ ಬೆಲ್ಲದ ಅಚ್ಚು ಇಟ್ಟಳು. ಹಿಂತಿರುಗುವಾಗ ಸ್ಕೂಟರಿನ ಮೇಲೆ ಮಗಳು ಅವನ ಬೆನ್ನಿಗೆ ಬೆಲ್ಲದ ಕೈ ಒರೆಸುತ್ತ, “ಗೆರೆ ದಾಟಿದ್ವಾ?” ಎಂದಳು. ಗೆರೆಯ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದಿರಲು ಆ ಮನೆ ಅಷ್ಟು ದೊಡ್ಡದಲ್ಲ.

“ದಾಟಿದ್ವಿ ಕಣವ್ವ.”

ಸೋಮವಾರ ರಾಘವೇಂದ್ರ ಅವನನ್ನು ಮಂಡ್ಯಕ್ಕೆ ಕರೆಸಿ ಎದುರು ಕೂರಿಸಿಕೊಂಡರು. ಮುಖ ಮದುವೆಮನೆಯ ಹಾಗಿತ್ತು.

“ಮೊದಲು ಒಳ್ಳೇ ಸುದ್ದಿ. ಪ್ರಯೋಗ ಪಾಸು. ಇನ್ಮೇಲೆ ಮಕ್ಕಳಿರೋರಿಗೆಲ್ಲ ಇದೇ ನಿಯಮ. ಆ ಹುಡುಗಿ ಕೊನೇ ಎರಡು ವಾರ ಏನು ಓಡಿದ್ಲು ಕಣ್ರೀ.”

“ಓಡಿದ್ರು ಸಾರ್,” ಎಂದ ಚಲುವರಾಜು. ಈಗಲೇ ಎದ್ದು ಹೋಗಿ ಕುಸುಮಳಿಗೆ ಫೋನು ಮಾಡಬೇಕು ಅನ್ನಿಸಿತು.

“ಕೂತ್ಕೊಳ್ಳಿ, ಇನ್ನೂ ಒಳ್ಳೇ ಸುದ್ದಿ ಇದೆ. ನಿಮ್ಮ ಎರಡು ತಿಂಗಳ ಲೆಕ್ಕ ನೋಡಿ ಹೆಡ್ ಆಫೀಸಿನೋರು ಬೆರಗಾಗಿದಾರೆ. ಕೊನೇ ತಿಂಗಳು ಸ್ವಲ್ಪ ಇಳಿದ್ರಿ, ದಣಿದಿದ್ರು ಪಾಪ ಅಂತ ನಾನೇ ಹೇಳಿದೆ. ಬನ್ನಿ ಇಲ್ಲಿ.”

ಪಕ್ಕದ ಗಾಜಿನ ಕೋಣೆಯ ಬಾಗಿಲು ತೆರೆದರು. ಏಳು ವರ್ಷ ಚಲುವರಾಜು ಅದನ್ನು ಹೊರಗಿನಿಂದಲೇ ನೋಡಿದ್ದ. ಮಧ್ಯಾಹ್ನದ ಡಬ್ಬಿ ಬಿಚ್ಚುವಾಗ ಅವನ ಮುಖ ಆ ಗಾಜಿನಲ್ಲೇ ಕಾಣುತ್ತಿತ್ತು. ಒಳಗೆ ಎಸಿ, ತಿರುಗುವ ಕುರ್ಚಿ, ಯಾವ ಗುರುತೂ ಇಲ್ಲದ ಹೊಸ ಮೇಜು.

“ಟೀಮ್ ಲೀಡರು. ಮೂರೂ ಶಾಖೆ ನಿಮ್ಮ ಕೆಳಗೆ. ಕೂತು ನೋಡಿ.”

ಕೂತ. ಕುರ್ಚಿ ಅವನ ಬೆನ್ನನ್ನು ಮೊದಲೇ ಬಲ್ಲ ಹಾಗೆ ಹಿಂದಕ್ಕೆ ಬಾಗಿತು. ಒಂದು ಸುತ್ತು ತಿರುಗಿದ. ಚೆನ್ನಾಗಿತ್ತು. ಸುಳ್ಳು ಹೇಳಬಾರದು, ತುಂಬ ಚೆನ್ನಾಗಿತ್ತು. ಯಶೋದಮ್ಮ ಡೇರಿಯ ಸಾಲಿನಲ್ಲಿ ನಿಂತು, ನನ್ನ ಮಗಂಗೆ ಗಾಜಿನ ರೂಮು ಕೊಟ್ಟವ್ರಂತೆ ಎಂದು ಹೇಳುವುದು ಕಿವಿಗೆ ಕೇಳಿಸಿತು.

“ಸಂಬಳ ಹೇಗೂ ಏರುತ್ತೆ,” ಎಂದರು ರಾಘವೇಂದ್ರ. “ಒಂದೇ ಒಂದು. ಲೀಡರ್ ಆದವರು ಸೀಟಲ್ಲಿ ಇರ್ಬೇಕು. ಒಂಬತ್ತೂವರೆಯಿಂದ ಆರು. ಈ ಹೊಸ ನಿಯಮ ಅವರಿಗೆ ಇಲ್ಲ.”

ಕುರ್ಚಿ ನಿಂತಿತು.

“ಚೆನ್ನಾಗಿ ಮಾಡ್ದೋರ್ಗೆ ಇಲ್ಲ, ಅಷ್ಟಕ್ಕಷ್ಟೆ ಮಾಡ್ದೋರ್ಗೆ ಅದೆ ಅನ್ನಿ.”

“ಹಾಗಲ್ಲ ಕಣ್ರೀ. ಬೇರೆಯವರನ್ನ ಮನೇಲಿ ಕೂತು ಮಾಡೋಕೆ ಬಿಟ್ಮೇಲೆ, ಅವರನ್ನ ನೋಡ್ಕೊಳ್ಳೋಕೆ ಇಲ್ಲಿ ಒಬ್ಬರು ಕೂತಿರ್ಬೇಕಲ್ಲ. ಮಗೂದು ಯೋಚನೆನಾ? ಅಜ್ಜಿ ಇದಾರಲ್ಲ, ಒಂದೆರಡು ವರ್ಷ ಅಲ್ಲಿದ್ರೆ ಏನಾಯ್ತು. ಇಲ್ಲ ಅಂದ್ರೆ ಇಲ್ಲೇ ಡೇ ಕೇರ್ ಇದೆ, ಕಂಪನಿ ಕಡೆಯಿಂದಲೇ ಕೊಡಿಸೋಣ. ಇಂಥ ಅವಕಾಶ ಎರಡನೇ ಸಲ ಬರಲ್ಲ ಚಲುವರಾಜು. ಮನೆಯವ್ರ ಹತ್ರ ಮಾತಾಡಿ, ನಾಳೆ ಹೇಳಿ.”

ಚಲುವರಾಜು ಕುರ್ಚಿಯಿಂದ ಎದ್ದು ಅದನ್ನು ಮೇಜಿನ ಒಳಕ್ಕೆ ತಳ್ಳಿದ.

“ನಾಳೆ ಹೇಳೋದೇನೂ ಇಲ್ಲ ಸಾರ್. ನಂಗೆ ಬ್ಯಾಡ. ನಾಕು ಗಂಟೆಗೆ ವ್ಯಾನು ಬಂದಾಗ ನಾನು ಬಾಗ್ಲಲ್ಲಿರ್ಬೇಕು.”